ರಾಣಿಯ ಮಾತು ಮುಗಿಯುವವರೆಗೆ

ರೋಹಿಣಿ ವೆಸ್ಟ್ ಸ್ಟೇಷನ್ನಿನಲ್ಲಿ ಹೆಂಗಸರ ತಪಾಸಣೆಯ ಪರದೆಯೊಳಗೆ ಎರಡೂ ಕೈ ಚಾಚಿ ನಿಂತಾಗಲೂ ಸರಳಾಳ ಬಲಗಿವಿಯಲ್ಲಿ ರಾಣಿ ಮಾತಾಡುತ್ತಲೇ ಇದ್ದಳು. ತಪಾಸಣೆಯವಳು ಬೆರಳು ತೋರಿಸಿ "ಆಂಟೀ, ಯೇ ನಿಕಾಲೋ" ಎಂದಳು. ತೆಗೆದಳು. ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ರಾಣಿ ಎಷ್ಟು ದೂರ ಹೋಗಿಬಿಟ್ಟಿರುತ್ತಾಳೋ ಎನ್ನುವ ಗಾಬರಿಯಲ್ಲಿ ಪರ್ಸನ್ನು ಯಂತ್ರದ ಬೆಲ್ಟಿನ ಮೇಲೇ ಬಿಟ್ಟು ಎಸ್ಕಲೇಟರಿನ ಕಡೆ ನಡೆದಳು. ಹಿಂದಿನಿಂದ ಯಾರೋ ಕೂಗಿದರು. ತಿರುಗಿ ಬಂದು ಪರ್ಸು ಎತ್ತಿಕೊಳ್ಳುವಾಗ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ನಕ್ಕಳೋ, ಅಥವಾ ಅವಳ ಮುಖವೇ ಹಾಗಿತ್ತೋ. ಸರಳಾಳ ಕತ್ತು ಬಿಸಿಯಾಯಿತು. ನಗಬಾರದ ಸಂಗತಿಯೇನೂ ಅಲ್ಲ. ಬೂದು ಬಣ್ಣದ ಕಾಟನ್ ಸೀರೆ, ಕೈಯಲ್ಲಿ ಕೊತ್ತಂಬರಿ ಚಟ್ನಿಯ ಡಬ್ಬಿಯಿರುವ ಬಟ್ಟೆಚೀಲ, ಒಂದೇ ಕಿವಿಯಲ್ಲಿ ಬಿಳಿ ತಂತಿ, ಆ ತಂತಿಯ ಇನ್ನೊಂದು ತುದಿ ಎದೆಯ ಮೇಲೆ ಸುಮ್ಮನೆ ಜೋತಾಡುತ್ತ ಯಾರಿಗೂ ಕೇಳದಂತೆ ಅದೇ ಮಾತನ್ನು ಆಡುತ್ತಿದೆ.

ಆ ದನಿ ತಾನು ಹೆತ್ತ ಮಗಳದು. ಗೊತ್ತಿದ್ದರೂ ನಂಬಿಕೆ ಬರುತ್ತಿರಲಿಲ್ಲ. ಮನೆಯಲ್ಲಿ ಸಿಂಧೂರ ಮಾತಾಡಿದರೆ ವಾಕ್ಯ ಅರ್ಧಕ್ಕೆ ಹಿಂದಿಗೆ ಜಾರುತ್ತಿತ್ತು, ಮುಗಿಯುವಾಗ ಇಂಗ್ಲಿಷಿನಲ್ಲಿ ಬಿದ್ದಿರುತ್ತಿತ್ತು. ಇಲ್ಲಿ ಅದೇ ಗಂಟಲು ನಾನೂರು ವರ್ಷ ಹಿಂದಿನ ಇಂಗ್ಲಿಷನ್ನು, ನಾಟಕದ ರಾಜರಾಣಿಯರು ಆಡುತ್ತಿದ್ದ, ಒಂದು ಮಾತಿಗೆ ನಾಲ್ಕು ಮಡಿಕೆಯಿದ್ದ ಇಂಗ್ಲಿಷನ್ನು, ಸೀರೆ ಅಂಗಡಿಯವನು ಜರಿಸೀರೆ ಬಿಚ್ಚಿ ಎಸೆದು ತೋರಿಸುವಂತೆ ಹರಡುತ್ತಿತ್ತು. ಕಥೆ ಮಾತ್ರ ಹಳೆಯದಲ್ಲ. ಸುಟ್ಟುಹೋದ ಗ್ರಹವೊಂದರ ರಾಣಿ ದೊಡ್ಡ ಹಡಗಿನಲ್ಲಿ ನಕ್ಷತ್ರಗಳ ನಡುವೆ ಅಲೆಯುತ್ತಾಳೆ. ಹಡಗನ್ನು ನಡೆಸುವ ಯಂತ್ರಕ್ಕೆ ಮಾತು ಬರುತ್ತದೆ, ಅದೇ ಅವಳ ಆಸ್ಥಾನದ ವಿದೂಷಕ. "ಮುಂದೆಂದೋ ನಡೆಯೋ ಕಥೆ, ಹಿಂದೆಂದೋ ಆಡ್ತಿದ್ದ ಮಾತಲ್ಲಿ" ಎಂದು ಸಿಂಧೂರ ಹೇಳಿದ್ದಳು. ಅದನ್ನು ಕೇಳಿ ಗಂಡ ಇಂದುಶೇಖರ ಬೆಳಗ್ಗೆ ತಿಂಡಿಯ ತಟ್ಟೆಯ ಮುಂದೆ ಕೂತು, "ಇದರಲ್ಲಿ ಹೊಸದೇನೇ ಇದೆ? ನಮ್ಮ ಸೆಕ್ಷನ್ನಿನ ಫೈಲುಗಳೂ ಹಾಗೇ ಇರ್ತಿದ್ವು. ವಿಷಯ ಮುಂದಿನ ವರ್ಷದ್ದು, ಭಾಷೆ ಬ್ರಿಟಿಷರ ಕಾಲದ್ದು" ಎಂದು ತಾನೇ ನಕ್ಕಿದ್ದ. ಅವನಿಗೆ ನಗು ಸುಲಭ. ಮಂತ್ರಾಲಯದ ಕೆಲಸದಿಂದ ನಿವೃತ್ತನಾದ ಮೇಲೆ ಅವನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಸರಳಾಳನ್ನು ನಿನ್ನೆ ಸಂಜೆ ಕೇಳಿದ್ದರು. ಕೇಳಿದವಳು ಮಗಳು. ಎಷ್ಟೋ ವರ್ಷಗಳ ಮೇಲೆ, ಮೊದಲನೆಯ ಸಲ.

"ಅಮ್ಮಾ, ಎರಡು ಫೈಲ್ ಕಳಿಸಿದ್ದೀನಿ. ಕೇಳು. ನಾಳೆ ಮಧ್ಯಾಹ್ನ ಅಭಿಷೇಕ್‌ಗೆ ಉತ್ತರ ಕೊಡ್ಬೇಕು."

"ನಂಗೆ ಆ ಇಂಗ್ಲಿಷು ಏನು ತಿಳಿಯುತ್ತೇ?"

"ತಿಳಿಯೋದು ಬೇಡ. ನಾನು ಎಲ್ಲೆಲ್ಲಿ ನಿಲ್ತೀನಿ, ಅದನ್ನ ಕೇಳು. ಬಹುತ್ ಪಾಝ್ ಬರ್ತಿದೆ ಅಂತಾನೆ ಅವನು. ಒಂದೊಂದು ಮಾತು ಮುಗಿದ ಮೇಲೂ ನಿಂತುಬಿಡ್ತೀನಂತೆ. ಕೇಳಿದೋರು ಫೋನ್ ಹ್ಯಾಂಗ್ ಆಯ್ತು ಅಂದ್ಕೋತಾರಂತೆ."

ಅಭಿಷೇಕ್ ಎಂದರೆ ಆ ಪುಸ್ತಕಗಳನ್ನು ಓದಿಸಿ ಮಾರುವ ಕಂಪನಿಯವನು. ಎರಡನೆಯ ಫೈಲಿನಲ್ಲಿ ಅವನು ಆ ಖಾಲಿ ಜಾಗಗಳನ್ನೆಲ್ಲ ಕಂಪ್ಯೂಟರಿನಿಂದ ಕತ್ತರಿಸಿಹಾಕಿದ್ದ. ಸಿಂಧೂರ ಒಪ್ಪಿದರೆ ಉಳಿದ ಎರಡು ಭಾಗಗಳೂ ಅವಳವೇ. ಒಪ್ಪದಿದ್ದರೆ ಇದೊಂದನ್ನು ಹೇಗೋ ಮುಗಿಸಿ ಮುಂದಿನವನ್ನು ಬೇರೆ ದನಿಗೆ ಕೊಡುತ್ತಾರೆ. ಫರೀದಾಬಾದಿನ ಕಾರ್ಖಾನೆಯ ಆಫೀಸು ಕೆಲಸ ಬಿಟ್ಟ ಮೇಲೆ ಟೂತ್‌ಪೇಸ್ಟಿನ ಜಾಹೀರಾತು ಓದಿ, ಯಾವುದೋ ಆಸ್ಪತ್ರೆಯ ಲಿಫ್ಟಿನಲ್ಲಿ ಮಹಡಿಗಳ ಹೆಸರು ಹೇಳಿ, ಕೊನೆಗೆ ಸಿಕ್ಕಿದ ಮೊದಲ ಪುಸ್ತಕ ಇದು. "ಫೋನಲ್ಲಿ ಹೇಳ್ಬೇಡ. ಬಂದು ಹೇಳು. ಕತ್ತರಿಸ್ಲೋ ಬೇಡ್ವೋ" ಎಂದಿದ್ದಳು. ನೀನೇ ಯಾಕೆ ಹೇಳಬೇಕು ಎನ್ನುವುದನ್ನು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ಇಬ್ಬರಿಗೂ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳದೆ ಇರುವುದನ್ನು ಆ ಮನೆ ಬಹಳ ಕಾಲದಿಂದ ರೂಢಿಸಿಕೊಂಡಿತ್ತು.

ಮೆಟ್ರೋದ ಹೆಂಗಸರ ಡಬ್ಬಿಯಲ್ಲಿ ಕಿಟಕಿಗೆ ಬೆನ್ನುಮಾಡಿ ಕೂರಲು ಜಾಗ ಸಿಕ್ಕಿತು. ರಾಣಿ ಕತ್ತಲೆಯೊಂದಿಗೆ ಮಾತಾಡುತ್ತಿದ್ದಳು. ಸಂಜೆ ಶಾಲೆಯಲ್ಲಿ ಕಲಿತ ಇಂಗ್ಲಿಷಿಗೆ ಅರ್ಧ ಸಿಕ್ಕಿತು, ಅರ್ಧ ಜಾರಿತು. ಸಿಕ್ಕ ಅರ್ಧವನ್ನು ಅವಳ ತಲೆ ತಾನಾಗಿ ಕನ್ನಡಕ್ಕೆ, ಅದೂ ಹಳೆಯ ಕಾವ್ಯದ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿತ್ತು. ಎಲೆ ಕತ್ತಲೆಯೇ, ಎನಿತು ನೇಸರರ ನುಂಗಿ ಬಸಿರಲ್ಲಿ ಬಚ್ಚಿಟ್ಟಿರುವೆ. ಮಾತು ಮುಗಿಯಿತು. ಮಗಳು ನಿಂತಳು. ಕಿವಿಯಲ್ಲಿ ಏನೂ ಇಲ್ಲ. ಆ ಇಲ್ಲದ ಜಾಗ ಎಷ್ಟು ಹೊತ್ತಿನದು, ಅದರ ಅಂಚು ಎಲ್ಲಿ ಮಡಚಿಕೊಳ್ಳುತ್ತದೆ, ಅಲ್ಲಿ ಕೂತವರು ಹೇಗೆ ಮುಂದಕ್ಕೆ ಬಾಗುತ್ತಾರೆ, ಎಲ್ಲವೂ ಸರಳಾಳ ಮೈಗೆ ಗೊತ್ತಿತ್ತು. ಗಮಕದಲ್ಲಿ ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಓದಿ ನಿಲ್ಲುತ್ತಾರೆ. ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಹೇಳಿ ಮುಗಿಸಿ ಅಂಗೈ ಮೇಲೆ ಮಾಡಿ ಓದುವವರ ಕಡೆ ಚಾಚಿದರೆ ಮುಂದಿನ ಪದ್ಯ. ಕನ್ನಡ ಸಂಘದ ಹಾಲಿನಲ್ಲಿ ಶನಿವಾರದ ಸಂಜೆಗಳಲ್ಲಿ ಓದುತ್ತಿದ್ದವಳು ಸಿಂಧೂರ, ಎರಡು ಜಡೆಯ ಕಾಲದಿಂದ. ಅರ್ಥ ಹೇಳುತ್ತಿದ್ದವಳು ಸರಳಾ. ಮದುವೆಯಾಗಿ ದೆಹಲಿಗೆ ಬಂದಾಗ ನಾಲ್ಕನೆಯ ಕ್ಲಾಸಿನ ಓದು, ಆಮೇಲೆ ಅಡುಗೆಮನೆ ತೊಳೆದು ಸಂಜೆ ಶಾಲೆಗೆ ಹೋಗಿ, ಮಗಳು ಮೂರನೆಯ ಕ್ಲಾಸಿನಲ್ಲಿದ್ದಾಗ ಬಿ.ಎ. ಆ ಹಾಲಿನಲ್ಲಿ ಜಾಯಿಂಟ್ ಸೆಕ್ರೆಟರಿಗಳ ಹೆಂಡತಿಯರು ಕೂತಿರುತ್ತಿದ್ದರು. "ಕತ್ತಲೆಗೆ ಬಸಿರು ಅಂತ ಯಾಕೆ ಅಂದರು ಅಂದರೆ, ಬಸಿರಿನಲ್ಲಿ ಇರೋದು ಸತ್ತದ್ದಲ್ಲ, ಅದು ಹೊರಗೆ ಬರೋದಕ್ಕೆ ಕಾದಿದೆ, ಆದ್ದರಿಂದ ಇಲ್ಲಿ ರಾಣಿಯ ಮನಸ್ಸಿನಲ್ಲಿ..."

"ಆಂಟೀ, ಆಪ್ ಮುಝ್‌ಸೇ ಕುಛ್ ಕಹ್ ರಹೀ ಹೈಂ?"

ಪಕ್ಕದ ಹುಡುಗಿ, ತನಗೇ ಏನೋ ಹೇಳುತ್ತಿದ್ದಾರೆಂದುಕೊಂಡು, ತನ್ನ ಕಿವಿಯ ಗುಂಡಿಯೊಂದನ್ನು ತೆಗೆದು, ಮರ್ಯಾದೆಯಿಂದಲೇ, ಇವಳ ಕಡೆ ಬಾಗಿದ್ದಳು. ಎದುರಿನ ಸೀಟಿನ ಸಾಲು ಪೂರ್ತಿ ನೋಡುತ್ತಿತ್ತು. ಸರಳಾಳ ಬಲಗೈ ಗಾಳಿಯಲ್ಲಿ, ಅರ್ಥ ಹೇಳುವಾಗಿನ ಭಂಗಿಯಲ್ಲಿ, ಹೆಬ್ಬೆರಳಿಗೆ ತೋರುಬೆರಳು ತಾಗಿಸಿಕೊಂಡು ನಿಂತಿತ್ತು. "ನಹೀಂ ಬೇಟಾ, ಫೋನ್ ಪರ್..." ಎಂದಳು. ಹುಡುಗಿ ಅಚ್ಛಾ ಎಂದು ಸರಿದು ಕೂತಳು. ಸರಿದದ್ದು ಒಂದು ಬೆರಳಿನಷ್ಟೇ, ಆದರೆ ಸರಿದಳು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸರಳಾ ಅದನ್ನು ಚಟ್ನಿ ಡಬ್ಬಿಯ ಮೇಲೆ ಇಟ್ಟಳು. ಕಿವಿಯೊಳಗೆ ಮಗಳು ಯಾವಾಗಲೋ ಮುಂದಿನ ಮಾತಿಗೆ ಹೋಗಿಬಿಟ್ಟಿದ್ದಳು.

ಕಾಶ್ಮೀರಿ ಗೇಟಿನಲ್ಲಿ ಇಳಿದು, ನೆಲದಡಿಗೆ, ಇನ್ನೂ ಅಡಿಗೆ ಇಳಿಯುವ ಎಸ್ಕಲೇಟರುಗಳಲ್ಲಿ ಜನ ಅವಳನ್ನು ಎರಡೂ ಕಡೆಯಿಂದ ಹಾದುಹೋದರು. ಒಂದು ಸಲ ಸೀತಮ್ಮನವರು ಹೇಳಿದ್ದರು. ಸಂಘದಲ್ಲಿ ಎಲ್ಲರಿಗಿಂತ ಹಿರಿಯರು, ತಾವೂ ಹಾಡುವವರು. ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ ಲೋಟ ಊದುತ್ತ, "ನಿನ್ನ ಮಗಳು ಚೆನ್ನಾಗಿ ಓದ್ತಾಳೆ ಸರಳಾ. ಸ್ವಲ್ಪ ಓದೋಕೆ ಬಿಡು" ಎಂದಿದ್ದರು. ಆಗ ಅದನ್ನು ಹೊಟ್ಟೆಕಿಚ್ಚು ಎಂದುಕೊಂಡಿದ್ದಳು. ಮನೆಗೆ ಬಂದು ಗಂಡನಿಗೂ ಹಾಗೇ ಹೇಳಿದ್ದಳು. ಆಮೇಲೊಂದು ಶನಿವಾರ, ಕಾವ್ಯದಲ್ಲಿ ಯುದ್ಧಕ್ಕೆ ಹೊರಟವನನ್ನು ಮನೆಯವರು ಬೀಳ್ಕೊಡುವ ಭಾಗ. ಸಿಂಧೂರ ಆಗ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಳು. ಒಂದು ಪದ್ಯಕ್ಕೆ ತಾನೇ ರಾಗ ಕೂಡಿಸಿಕೊಂಡು, ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದಳು. ಆ ಪದ್ಯದ ಮೂರನೆಯ ಸಾಲಿಗೆ ಅವಳ ದನಿ ಮೇಲೇರುತ್ತಿದ್ದ ಹಾಗೇ ಸರಳಾ ಕೈಯೆತ್ತಿ ತಡೆದಳು. ಒಂದು ಪದ ಬಂದಿತ್ತು. ಅದಕ್ಕೆ ಎರಡು ಅರ್ಥ ಇರುವುದನ್ನು ಹಿಂದಿನ ವಾರವಷ್ಟೇ ಲೈಬ್ರರಿಯಲ್ಲಿ ಹುಡುಕಿ ತೆಗೆದಿದ್ದಳು, ಆ ಎರಡು ಅರ್ಥಗಳೂ ಅವಳ ನಾಲಿಗೆಯ ತುದಿಯಲ್ಲಿ ಬಿಸಿಯಾಗಿದ್ದವು. ಹೇಳಿದಳು. ಮುಂದಿನ ಸಾಲಿನಲ್ಲಿ ಯಾರೋ ತಲೆದೂಗಿದರು, ಇನ್ನಷ್ಟು ಹೇಳಿದಳು. ಹೇಳಿ ಮುಗಿಸಿ ಅಂಗೈ ಚಾಚಿ ತಿರುಗಿದರೆ ಅಲ್ಲಿ ವ್ಯಾಸಪೀಠದ ಮೇಲೆ ಪುಸ್ತಕ ಮುಚ್ಚಿತ್ತು. ಯಾರೂ ಇರಲಿಲ್ಲ. ಚಾಚಿದ ಕೈ ಹಾಗೇ ಇತ್ತು. ಆಮೇಲೆ ಸೀತಮ್ಮನವರು ಮೊಣಕಾಲು ಹಿಡಿದುಕೊಂಡು ವೇದಿಕೆ ಹತ್ತಿ ಉಳಿದದ್ದನ್ನು ಓದಿದರು. ಸಿಂಧೂರ ಹೊರಗೆ ವಾಟರ್ ಕೂಲರಿನ ಹತ್ತಿರ ಗೋಡೆಗೆ ಹಣೆ ಆನಿಸಿ ನಿಂತಿದ್ದಳು. ಕೇಳಿದವರಿಗೆಲ್ಲ ಸರಳಾ, ಗಂಟಲು ಕೆಟ್ಟಿದೆ ಎಂದಳು. ಮನೆಯಲ್ಲಿ ಅದಕ್ಕೆ ಸರಿಯಾಗಿ ಜ್ಯೇಷ್ಠಮಧು ಜಜ್ಜಿ ಕಷಾಯ ಮಾಡಿ ಕೊಟ್ಟಳು. ಮಗಳು ಲೋಟವನ್ನು ನೋಡಿದಳು, ಅಮ್ಮನನ್ನು ನೋಡಿದಳು, ಪೂರ್ತಿ ಕುಡಿದಳು. ಆಮೇಲೆ ಎಂದೂ ಓದಲಿಲ್ಲ. ಕುಡಿಯದೆ ಲೋಟ ಎಸೆದಿದ್ದರೆ ಚೆನ್ನಾಗಿತ್ತು ಎಂದು ಸರಳಾಳಿಗೆ ಈಗಲೂ ಕೆಲವು ಸಲ ಪಾತ್ರೆ ತೊಳೆಯುವಾಗ ಅನ್ನಿಸುವುದುಂಟು.

ಮಗಳ ಮನೆಯಿರುವ ಫರೀದಾಬಾದಿನ ಗಾಡಿ ಬಂತು. ಅದರಲ್ಲಿ ನಿಂತೇ ಹೋಗಬೇಕಾಯಿತು. ಕಂಬ ಹಿಡಿದುಕೊಂಡು, ಈ ಸಲ ತುಟಿಗಳನ್ನು ಹಲ್ಲಿನಿಂದ ಕಚ್ಚಿ ಮುಚ್ಚಿಕೊಂಡು ಕೇಳಿದಳು. ರಾಣಿಗೆ ಒಬ್ಬಳು ಮಗಳಿದ್ದಾಳೆ ಎನ್ನುವುದು ಆಗ ತಿಳಿಯಿತು. ಜಗಳವಾಡಿ ಒಂದು ಪುಟ್ಟ ದೋಣಿ ಹತ್ತಿಕೊಂಡು ಕತ್ತಲೆಗೆ ಹೋದವಳು ಈಗ ತಿರುಗಿ ಬಂದಿದ್ದಾಳೆ. ಹಡಗಿನ ಹೊರಬಾಗಿಲನ್ನು ಬಡಿಯುತ್ತಿದ್ದಾಳೆ. ದೋಣಿಯೊಳಗಿನ ಗಾಳಿ ಮುಗಿಯುತ್ತ ಬಂದಿದೆ. ರಾಣಿಯ ಬಾಯಿಂದ ತೆರೆ ಎನ್ನುವ ಮಾತು ಬರದೆ ಬಾಗಿಲು ತೆರೆಯುವುದಿಲ್ಲ. ಸರಳಾ ಕಂಬವನ್ನು ಬಿಗಿಯಾಗಿ ಹಿಡಿದಳು. ರಾಣಿ ತೆರೆ ಎನ್ನಲಿಲ್ಲ. ರಾಣಿ ಮಾತಾಡಲು ಶುರುಮಾಡಿದಳು. ಬಾಗಿಲು ಎಂದರೇನು ಎಂದು ಮಾತಾಡಿದಳು, ಒಡಲು ಮೊದಲ ಬಾಗಿಲು, ನಾಲಿಗೆ ಎರಡನೆಯದು. ಹೋದವರು ಹೋದದ್ದು ಯಾವ ಬಾಗಿಲಿಂದ, ಬರುವವರು ಬರುವುದು ಯಾವುದರಿಂದ. ಉಪಮೆಯ ಮೇಲೆ ಉಪಮೆ. ಚೆಂದವಿತ್ತು. ಅದೇ ಹೆದರಿಕೆಯಾಗುವ ಹಾಗಿತ್ತು, ಅಷ್ಟು ಚೆಂದವಿತ್ತು, ಸಿಂಧೂರ ಅಷ್ಟು ಚೆನ್ನಾಗಿ ಓದುತ್ತಿದ್ದಳು, ರಾಣಿಗೆ ತನ್ನ ಮಾತು ಎಷ್ಟು ರುಚಿಸುತ್ತಿದೆ ಎನ್ನುವುದು ಒಂದೊಂದು ಉಸಿರಿನಲ್ಲೂ ಕೇಳುತ್ತಿತ್ತು, ಆ ರುಚಿಯನ್ನು ಅವಳು ಎಲ್ಲಿ ನೋಡಿ ಕಲಿತಳು ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ತೆಗೆಯೇ ಬಾಗಿಲು, ಎಂದು ಸರಳಾ ಒಳಗೇ ಕೂಗಿದಳು. ತೆಗಿ, ಮಗು ಸಾಯುತ್ತೆ. ಆಗ ವಿದೂಷಕ ಯಂತ್ರ, ತೆಳ್ಳಗೆ, ವಿನಯದಿಂದ, ಕೇಳಿತು: ಒಡತಿ, ನಿನ್ನ ಉಪಮೆ ಮುಗಿಯಿತೇ? ಹೊರಗೆ ಉಸಿರು ಮುಗಿಯುತ್ತಿದೆ.

ಅಲ್ಲಿ ಮಗಳು ನಿಂತಳು. ಉಳಿದ ಎಲ್ಲ ಕಡೆಗಿಂತ ದೀರ್ಘವಾಗಿ ನಿಂತಳು. ಗಾಡಿ ನೆಲದಡಿಯಿಂದ ಮೇಲೆದ್ದು ಜೂನ್ ತಿಂಗಳ ಬಿಳಿ ಬಿಸಿಲು ಒಮ್ಮೆಗೇ ಡಬ್ಬಿಯೊಳಕ್ಕೆ ನುಗ್ಗಿತು. ಫೋನು ನಿಂತುಹೋಯಿತೇ ಎಂದು ಸರಳಾ ನೋಡಿಯೂ ನೋಡಿದಳು, ಅಂಕಿ ಓಡುತ್ತಿತ್ತು. ಆ ಮೌನದ ಒಳಕ್ಕೆ, ತಲೆಯ ಮೇಲಿನ ಜಾಲರಿಯಿಂದ, ಗಂಡಸಿನ ನಯವಾದ ದನಿ ಮುಂದಿನ ಸ್ಟೇಷನ್ನಿನ ಹೆಸರು ಹೇಳಿ, "ದರವಾಜೇ ಬಾಯೀಂ ಓರ್ ಖುಲೇಂಗೇ" ಎಂದಿತು. ಬಾಗಿಲುಗಳು ಎಡಕ್ಕೆ ತೆರೆಯುತ್ತವೆ. ಬಾಗಿಲು ತೆರೆಯಿತು, ಬಿಸಿಗಾಳಿ ಬಂತು, ಯಾರೋ ಇಳಿದರು. ಕಿವಿಯಲ್ಲಿ ರಾಣಿ ತೆರೆ ಎಂದಳು. ಅಷ್ಟೇ, ಒಂದು ಪದ. ಅಧ್ಯಾಯ ಮುಗಿಯಿತು. ಮಗು ಉಳಿಯಿತೋ ಇಲ್ಲವೋ ಎನ್ನುವುದು ಫೈಲಿನಲ್ಲಿರಲಿಲ್ಲ.

ಎರಡನೆಯ ಫೈಲನ್ನು ಬದರ್‌ಪುರ್ ದಾಟಿದ ಮೇಲೆ, ಸೀಟು ಸಿಕ್ಕ ಮೇಲೆ ಹಚ್ಚಿದಳು. ಅದೇ ಓದು. ಆದರೆ ಒಂದು ಮಾತಿನ ಬಾಲಕ್ಕೆ ಇನ್ನೊಂದರ ತಲೆ ತಾಗಿಕೊಂಡೇ ಬರುತ್ತಿತ್ತು. ರಾಣಿಯ ಕೊನೆಯ ಉಪಮೆಯ ಮೇಲೇ ಯಂತ್ರದ ಪ್ರಶ್ನೆ ಬಿತ್ತು, ನಗು ಬಂತು, ಸರಳಾಳಿಗೇ ನಗು ಬಂತು, ತಕ್ಷಣ ತೆರೆ. ಬಾಗಿಲು ಬೇಗ ತೆರೆಯಿತು. ಇದು ಜನಕ್ಕೆ ಹಿಡಿಸುತ್ತದೆ ಎಂದು ಅವಳಿಗೆ ಆ ಕೂಡಲೇ ತಿಳಿಯಿತು. ಕತ್ತರಿಸಿದ್ದರಲ್ಲಿ ಇಲ್ಲದೆ ಹೋದದ್ದು ಏನು? ಪದ ಒಂದೂ ಹೋಗಿರಲಿಲ್ಲ. ತಾನು ಹೋಗಿದ್ದಳು. ತಾನು ಕೂತು ಅರ್ಥ ಹೇಳುತ್ತಿದ್ದ ಜಾಗ ಅದು; ವೇದಿಕೆ ಇಳಿದುಹೋದ ಮೇಲೂ, ಪುಸ್ತಕ ಮುಚ್ಚಿ ಅಷ್ಟು ಕಾಲವಾದ ಮೇಲೂ ಹುಡುಗಿ ಪ್ರತಿ ಮಾತಿನ ತುದಿಗೆ ಅಮ್ಮನಿಗೆ ಜಾಗ ಬಿಟ್ಟು ಕಾಯುತ್ತಿದ್ದಾಳೆ. ಹಳೆಯ ಹೊಡೆತ ಬಿದ್ದ ನಾಯಿ ಕೈ ಎತ್ತಿದ ಕಡೆಯೆಲ್ಲ ಮುದುರಿಕೊಳ್ಳುವ ಹಾಗೆ. ಹಾಗೆ ಅಂದುಕೊಂಡಾಗ ದುಃಖವಾಯಿತು. ದುಃಖದ ಅಡಿಯಲ್ಲಿ, ಕೈಹಾಕಿ ನೋಡಿದರೆ, ಒಂದು ಸಣ್ಣ ಸಂತೋಷವೂ ಬೆಚ್ಚಗೆ ಇತ್ತು. ಇನ್ನೂ ಇದ್ದೇನೆ ಅವಳ ದನಿಯಲ್ಲಿ, ಎನ್ನುವ ಸಂತೋಷ. ಅದನ್ನು ಕಂಡು ಸರಳಾಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬೇಡ ಎಂದರೆ ಮಗಳ ಕೆಲಸ ಹೋಗುತ್ತದೆ, ಅಮ್ಮ ಉಳಿಯುತ್ತಾಳೆ. ಕತ್ತರಿಸು ಎಂದರೆ ಅಮ್ಮ ಹೋಗುತ್ತಾಳೆ. ಕತ್ತರಿಸು ಎನ್ನುತ್ತೇನೆ ಎಂದು ನಿರ್ಧಾರ ಮಾಡಿದಳು. ನಿರ್ಧಾರ ಮಾಡಿದ ಮೇಲೆ ಆ ಮಾತನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸತೊಡಗಿದಳು. ಇಳಿಯಬೇಕಾದ ನೀಲಂ ಚೌಕ್ ಬರುವ ಹೊತ್ತಿಗೆ ಅದು ಒಳ್ಳೆಯ ಉದ್ದದ, ಮೂರು ಉಪಮೆಗಳಿರುವ ಮಾತಾಗಿತ್ತು.

ಮಗಳ ಮನೆಯೊಳಗೆ ಫ್ಯಾನು ನಿಂತಿತ್ತು. ಕೂಲರ್ ನಿಂತಿತ್ತು. ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತುಹಾಕಿದ್ದಳು. ಬೆಳಗ್ಗೆಯಿಂದ ರೆಕಾರ್ಡಿಂಗ್ ನಡೆಸಿದ್ದಾಳೆ ಎಂದರೆ ಹಾಗೆಯೇ, ಗುಂಯ್ ಎನ್ನುವ ಯಾವುದೂ ಮನೆಯಲ್ಲಿ ಜೀವ ಹಿಡಿದಿರಬಾರದು. ಸಾಮಾನಿನ ಕೋಣೆಯ ಗೋಡೆಗಳಿಗೆಲ್ಲ ಚಳಿಗಾಲದಲ್ಲಿ ಹೊದೆಯುವ ರಜಾಯಿಗಳನ್ನು ನೇತುಹಾಕಿ, ನಡುವೆ ಒಂದು ಸ್ಟೂಲು, ಒಂದು ಮೈಕು. ಅದು ಅವಳ ಸ್ಟುಡಿಯೋ. ಸಿಂಧೂರಳ ಕೂದಲು ಬೆವರಿಗೆ ಹಣೆಗೆ ಅಂಟಿತ್ತು.

"ಕೇಳಿದ್ಯಾ?"

"ಕೇಳ್ದೆ. ಎರಡೂ."

"ಮತ್ತೆ?"

"ಬಿಸಿಲಲ್ಲಿ ಬಂದಿದ್ದೀನಿ, ಮೊದಲು ಒಂದು ಲೋಟ ನೀರು ಕೊಡೇ ಮಾರಾಯ್ತಿ. ಫ್ಯಾನ್ ಹಾಕು. ಹಾಲು ಒಡೆದುಹೋಗುತ್ತೆ, ಆ ಫ್ರಿಜ್ ಒಂದು ಹಚ್ಚು."

"ಹಾಲು ಬೆಳಗ್ಗೇನೇ ಒಡೆದೋಯ್ತು. ಪನೀರ್ ಮಾಡಿದೀನಿ. ಹೇಳಮ್ಮಾ."

ನೀರು ಬೆಚ್ಚಗಿತ್ತು. ಸರಳಾ ಕುಡಿದು ಲೋಟವನ್ನು ನೆಲಕ್ಕಿಟ್ಟಳು. "ಕತ್ತರಿಸಿಬಿಡು" ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಕೆಲಸ ಮುಖ್ಯ. ಆ ಖಾಲಿ ಜಾಗ ಇದ್ಯಲ್ಲ, ಅದು ನಿನ್ನದಲ್ಲ, ಅದು ನನ್ನಿಂದ ನಿಂಗೆ ಬಂದದ್ದು. ಗಮಕದಲ್ಲಿ ಓದೋರು ನಿಲ್ಲೋದು ಯಾಕೆ ಅಂದ್ರೆ, ಪದ್ಯ ಅನ್ನೋದು ಮುಚ್ಚಿದ ಪೆಟ್ಟಿಗೆ ಇದ್ದ ಹಾಗೆ, ಅರ್ಥ ಹೇಳೋರು ಅದರ ಬೀಗ ತೆಗೆದು..." ಕೈ ಮೇಲೆದ್ದಿತ್ತು, ಹೆಬ್ಬೆರಳಿಗೆ ತೋರುಬೆರಳು ತಾಗಿತ್ತು. ಎದುರಿಗೆ ಮಗಳ ಮುಖ ನೋಡಿದಳು. ಕಣ್ಣುಗಳು ಕೆಳಗಾಗಿದ್ದವು, ತುಟಿಗಳು ಸೇರಿದ್ದವು, ತೋರುಬೆರಳು ಮಡಿಲಿನಲ್ಲಿ ಇಲ್ಲದ ಪುಸ್ತಕದ ಇಲ್ಲದ ಸಾಲಿನ ಮೇಲೆ ಕೂತಿತ್ತು. ವೇದಿಕೆಯ ಮೇಲೆ ಅವಳು ಕೂರುತ್ತಿದ್ದದ್ದು ಹೀಗೆ. ಆಗ ಇವಳು ಜನದ ಕಡೆ ನೋಡುತ್ತಿದ್ದಳು. ಈ ಮುಖವನ್ನು ಎದುರಿಗೆ ಕೂತು ನೋಡಿದ್ದು ಇದೇ ಮೊದಲು. ಸರಳಾಳ ಮಾತು ನಡುವೆಯೇ ನಿಂತುಹೋಯಿತು. ಪೆಟ್ಟಿಗೆ ತೆರೆಯಲಿಲ್ಲ. ಕೆಳಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. ಮಗಳು ಒಂದು ನಿಮಿಷದ ಮೇಲೆ, ಅರ್ಥ ಇಷ್ಟು ಬೇಗ ಮುಗಿಯಿತೇ ಎನ್ನುವ ಹಾಗೆ, ತಲೆಯೆತ್ತಿದಳು.

"ನಿನ್ನಿಂದ ಬಂದದ್ದಾ?" ಎಂದಳು. ನಗು ಬಂತು ಅವಳಿಗೆ, ತಡೆದುಕೊಂಡಳು. "ಅಮ್ಮಾ, ಸಿಟ್ಟು ಮಾಡ್ಕೋಬೇಡ. ನೀನು ಅರ್ಥ ಹೇಳ್ತಿದ್ಯಲ್ಲ, ನಾನು ಒಂದು ದಿನಾನೂ ಕೇಳಿಸ್ಕೊಂಡಿಲ್ಲ."

"ಒಂದು ದಿನಾನೂ?"

"ಕಸಮ್ ಸೇ, ಆಣೆಗೂ. ನಿನ್ನ ಮಾತು ಶುರು ಆದ ತಕ್ಷಣ ನಂಗೆ ಕಿವಿ ಮುಚ್ಚಿಕೊಳ್ತಿತ್ತು. ಮುಂದಿನ ಪದ್ಯಾನ ಒಳಗೇ ಹಾಡ್ಕೊಳ್ತಿದ್ದೆ. ಜೋರಾಗಿ ಓದೋವಾಗ ಅದು ಅಷ್ಟು ಚೆನ್ನಾಗಿ ಬರ್ತಾನೇ ಇರ್ಲಿಲ್ಲ. ಈಗಲೂ ಅಷ್ಟೆ. ಮಾತು ಮುಗಿದಮೇಲೆ ಒಳಗೆ ಮುಂದಿನದು ಬರ್ಬೇಕು, ಅದು ಬಂದಮೇಲೇ ಬಾಯಿ ತೆಗೀತೀನಿ."

ಅಷ್ಟು ಶನಿವಾರಗಳು. ಲೈಬ್ರರಿಯಲ್ಲಿ ಹುಡುಕಿದ ಅಷ್ಟು ಪದಗಳು. ಮುಂದಿನ ಸಾಲಿನಲ್ಲಿ ತಲೆದೂಗಿದ ಹೆಂಗಸರು. ಪಕ್ಕದಲ್ಲಿ, ಒಂದು ಮೊಳದ ದೂರದಲ್ಲಿ, ಕೇಳುತ್ತಿದ್ದಾಳೆ ಎಂದುಕೊಂಡಿದ್ದ ಒಂದೇ ಜೀವ ಕೇಳುತ್ತಿರಲಿಲ್ಲ. ಸರಳಾಳಿಗೆ ಯಾರೋ ಕೆನ್ನೆಗೆ ಹೊಡೆದಂತೆಯೂ ಆಯಿತು, ತಲೆಯ ಮೇಲಿನ ಹೊರೆ ಯಾರೋ ಇಳಿಸಿದಂತೆಯೂ ಆಯಿತು. ಯಾವುದನ್ನು ಮೊದಲು ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ.

"ಹಾಗಾದ್ರೆ ಆವತ್ತು ಯಾಕೆ ಎದ್ದು ಹೋದೆ?"

"ಆವತ್ತು ಪದ್ಯ ಮುಗಿಯೋಕ್ಕೆ ಮುಂಚೆ ತಡೆದುಬಿಟ್ಟೆ ನೀನು. ಅರ್ಧದಲ್ಲಿ. ಒಳಗೆ ನೋಡಿದ್ರೆ ಮುಂದಿನದು ಇರ್ಲೇ ಇಲ್ಲ. ನೀನು ಹೇಳ್ತಾನೇ ಇದ್ದೆ, ನಾನು ಹುಡುಕ್ತಾನೇ ಇದ್ದೆ. ಸಿಗಲಿಲ್ಲ. ಹೆದರಿಕೆ ಆಯ್ತು, ಎದ್ದುಬಂದೆ." ಸ್ವಲ್ಪ ತಡೆದು, "ಈ ರಾಣಿ ಬಂದಮೇಲೆ ಮತ್ತೆ ಸಿಕ್ಕಿದೆ" ಎಂದಳು. "ಅದಕ್ಕೇ ನಿನ್ನ ಕೇಳಿದ್ದು. ಅದು ನಿಜವಾಗ್ಲೂ ಕೇಳ್ಸುತ್ತೋ, ಇಲ್ಲಾ ಬರೀ ಹ್ಯಾಂಗ್ ಆದ ಹಾಗಿದ್ಯೋ. ಅದನ್ನ ಪಕ್ಕದಲ್ಲೇ ಕೂತು ನೋಡ್ದೋಳು ನೀನೊಬ್ಬಳೇ."

ನೋಡಿದವಳು. ನೋಡಿರಲಿಲ್ಲ ಎಂದು ಹೇಳಲು ಸರಳಾ ಬಾಯಿ ತೆರೆದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಭಿಷೇಕ್. ಸಿಂಧೂರ ಅದನ್ನು ನೋಡಿದಳು, ಅಮ್ಮನನ್ನು ನೋಡಿದಳು. ಈಗ ಹೇಳಬೇಕು. ಜೋಡಿಸಿಟ್ಟಿದ್ದ ಮಾತುಗಳು ಗಂಟಲವರೆಗೆ ಬಂದವು. ಕೆಲಸ ಕಳೆದುಕೊಳ್ಳಬೇಡ ಎನ್ನುವ ಮಾತು, ಮನೆ ಬಾಡಿಗೆಯ ಮಾತು, ಕತ್ತರಿಸಿದ್ದನ್ನು ಕೇಳಿ ತಾನೂ ನಕ್ಕೆ ಎನ್ನುವ ಮಾತು, ನೀನು ನಿಂತದ್ದು ನನಗೆ ಮೈಯಲ್ಲೆಲ್ಲ ಕೇಳಿಸಿತು ಎನ್ನುವ ಮಾತು. ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು. "ಕೇಳ್ಸುತ್ತೆ" ಎಂದಳು ಸರಳಾ. ಮುಂದಿನದನ್ನು ನುಂಗಿಕೊಂಡು, ಮೇಲೆದ್ದಿದ್ದ ಕೈಯ ಬೆರಳು ಬಿಡಿಸಿ, ಅಂಗೈ ಮೇಲೆ ಮಾಡಿ ಮಗಳ ಕಡೆ ಚಾಚಿದಳು.

ಸಿಂಧೂರ ಆ ಕೈಯನ್ನು ನೋಡಿದಳು. ಫೋನನ್ನು ಸ್ಪೀಕರಿಗೆ ಹಾಕಿದಳು.

"ಸಿಂಧೂರ ಜೀ, ತೋ ಫೈನಲ್ ಹೈ? ಟ್ರಿಮ್ ಕರ್ ದೂಂ?"

ಕತ್ತರಿಸಲೇ ಎನ್ನುವುದಕ್ಕೆ ಅವಳು ಉತ್ತರ ಕೊಡಲಿಲ್ಲ. ಕೋಣೆಯಲ್ಲಿ ಏನೂ ಇಲ್ಲ, ಫ್ಯಾನಿಲ್ಲ, ಫ್ರಿಜ್ಜಿಲ್ಲ. ಸರಳಾಳ ಬೆನ್ನಿನ ಮೇಲೆ ಬೆವರು ಒಂದು ಗೆರೆಯಾಗಿ ಇಳಿಯಿತು.

"ಹಲೋ? ಹಲೋ? ಆವಾಜ್ ಆ ರಹೀ ಹೈ? ಯಾರ್, ಫಿರ್ ಹ್ಯಾಂಗ್ ಹೋ ಗಯಾ ಕ್ಯಾ..."

"ಕಾಟನಾ ನಹೀಂ ಹೈ, ಅಭಿಷೇಕ್" ಎಂದಳು ಸಿಂಧೂರ. "ಐಸೇ ಹೀ ರಹೇಗಾ." ಕತ್ತರಿಸುವುದಿಲ್ಲ, ಹೀಗೇ ಇರುತ್ತದೆ.

ಆ ಕಡೆ ಈಗ ಅವನು ನಿಂತ. ಆಮೇಲೆ ನಿಟ್ಟುಸಿರು. "ಆಪ್ ಕೀ ಮರ್ಜಿ. ಇಸ್ ಪಾರ್ಟ್ ಕಾ ದೇಖ್ ಲೇಂಗೇ. ಲೇಕಿನ್ ಅಗಲೇ ದೋ ಪಾರ್ಟ್..."

"ಮಾಲೂಮ್ ಹೈ." ಮುಂದಿನ ಎರಡು ಭಾಗ ಕೈಬಿಟ್ಟವೆಂದು ಅವಳಿಗೆ ಗೊತ್ತಿತ್ತು.

ಫೋನು ಇಟ್ಟು ಅವಳು ಕೂದಲನ್ನು ಬಿಚ್ಚಿ ಮತ್ತೆ ಕಟ್ಟಿದಳು. "ಇನ್ನು ಮತ್ತೆ ಲಿಫ್ಟಿನ ಮಹಡಿ ಹೇಳೋದೇ ಗತಿ" ಎಂದಳು. ಆಮೇಲೆ, "ಅಪ್ಪ ಕೇಳಿದ್ರೆ ಗಂಟಲು ಕೆಟ್ಟಿದೆ ಅಂತ ಹೇಳ್ಬಿಡು. ನಿಂಗೆ ಅಭ್ಯಾಸ ಇದೆ." ಅದು ಚುಚ್ಚುಮಾತೋ ತಮಾಷೆಯೋ ಎಂದು ಸರಳಾ ಅವಳ ಮುಖವನ್ನು ಹುಡುಕಿದಳು. ಎರಡೂ ಇದ್ದವು. "ಜ್ಯೇಷ್ಠಮಧು ತಂದಿಲ್ಲ" ಎಂದಳು. "ಚಟ್ನಿ ತಂದಿದ್ದೀನಿ, ಅದೇ ನೆಕ್ಕು." ಮಗಳು ಈ ಸಲ ನಗುವನ್ನು ತಡೆಯಲಿಲ್ಲ, ಆದರೆ ಅದು ಬೇಗ ಮುಗಿಯಿತು. ಈ ಭಾಗದ ಕೊನೆಯ ಅಧ್ಯಾಯ ಇನ್ನೂ ಓದಬೇಕಿತ್ತು. ಇವತ್ತೇ ಕಳಿಸಬೇಕಿತ್ತು.

"ಆ ಮಗು ಉಳಿಯುತ್ತೇನೇ?" ಎಂದು ಸರಳಾ ಕೇಳಿಯೇಬಿಟ್ಟಳು.

"ಬಾ ಒಳಗೆ. ಕೇಳು. ಆದ್ರೆ ಉಸಿರಿನ ಸದ್ದು ಕೂಡ ಬರ್ಬಾರ್ದು. ಕೆಮ್ಮು ಬಂದ್ರೆ ಸೆರಗು ಕಚ್ಚಿಕೋ."

ರಜಾಯಿಗಳ ನಡುವೆ ನೆಲದ ಮೇಲೆ, ಗೋಡೆಗೆ ಆನಿಕೊಂಡು, ಮೊಣಕಾಲು ಮಡಿಸಿ ಕೂತಳು. ನುಸಿಗುಳಿಗೆಯ ವಾಸನೆ. ಸಿಂಧೂರ ಬಾಗಿಲನ್ನು ಎಳೆದು, ಅದರ ಮೇಲೆ ಇನ್ನೊಂದು ರಜಾಯಿಯನ್ನು ಇಳಿಬಿಟ್ಟಾಗ ಬೆಳಕು ಹೋಯಿತು. ಮೈಕಿನ ಹತ್ತಿರ ಫೋನಿನ ತುಣುಕು ಬೆಳಕು, ಅದರಲ್ಲಿ ಮಗಳ ಗಲ್ಲ ಮಾತ್ರ. ಗಾಳಿ ದಪ್ಪಗಿತ್ತು. ಒಂದೇ ಗಾಳಿ, ಇಬ್ಬರಿಗೂ ಅಷ್ಟೇ. ಸಿಂಧೂರ ಓದತೊಡಗಿದಳು. ಹಡಗಿನ ಬಾಗಿಲು ಗೀರುತ್ತ ಸರಿಯಿತು, ಪುಟ್ಟ ದೋಣಿ ಒಳಗೆ ಬಂತು, ಯಂತ್ರ ದೀಪ ಹಿಡಿಯಿತು, ರಾಣಿ ಮೊದಲ ಸಲ ಉಪಮೆಯಿಲ್ಲದೆ, ಹೆಸರು ಹಿಡಿದು, ಮಗಳನ್ನು ಕರೆದಳು.

ಅಲ್ಲಿ ನಿಂತಳು.

ಸರಳಾಳ ಎದೆಯೊಳಗೆ ಗಾಳಿ ಬಿಗಿದಿತ್ತು, ಹೊರಗೆ ಬಿಡುವಂತಿರಲಿಲ್ಲ. ಕತ್ತಲೆಯಲ್ಲಿ ಮಗಳ ಗಲ್ಲ ಅಲ್ಲಾಡಲಿಲ್ಲ. ಆ ಗಲ್ಲದ ಹಿಂದೆ ಎಲ್ಲೋ ಮುಂದಿನದು ಹಾಡಿಕೊಳ್ಳುತ್ತಿತ್ತು. ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಏನೂ ಹೇಳದೆ, ಸರಳಾ ಅದು ಬರುವುದನ್ನು ಕಾದಳು.